ಮಾದರಿ ಕಾರು ಮತ್ತು ಪರಿಗ್ರಹದ ಅಳತೆ

ಗೃಹಸ್ಥನಾದವನು ತನ್ನ ಪರಿಗ್ರಹಕ್ಕೆ ಒಂದು ಪರಿಮಿತಿಯನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ನಮಗೆಲ್ಲ ಬಾಲ್ಯದಿಂದಲೇ ತಿಳಿದ ಮಾತು. ಬಾಹ್ಯ ಪರಿಗ್ರಹದ ಹತ್ತು ಬಗೆಗಳನ್ನು ಹೇಳುವ ಒಂದು ಎಣಿಕೆಯಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳೊಡನೆ ಯಾನವೂ, ಎಂದರೆ ವಾಹನವೂ ಸೇರಿದೆ. ಪಾತ್ರೆ ಪದಾರ್ಥಗಳಿಗೆ ಭಾಂಡವೆಂಬ ಬೇರೆ ಹೆಸರಿದೆ. ಹಾಗಾದರೆ ಏಳು ಅಂಗುಲ ಉದ್ದದ, ಪ್ಲಾಸ್ಟಿಕ್ಕಿನ, ಎಂದೂ ಓಡದ ಕಾರೊಂದು ಮನೆಯಲ್ಲಿದ್ದರೆ ಅದನ್ನು ಯಾವ ಬಾಬಿನಲ್ಲಿ ಬರೆದುಕೊಳ್ಳಬೇಕು? ಯಾನವೋ, ಭಾಂಡವೋ, ಲೆಕ್ಕಕ್ಕೇ ಬಾರದ ಆಟಿಕೆಯೋ? ಓದುಗರಿಗೆ ಈ ಪ್ರಶ್ನೆ ನಗೆ ತರಿಸಬಹುದು. ಆದರೆ ನಲವತ್ತು ವರ್ಷ ಅಂಗಡಿಯ ಖಾತೆ ಬರೆದವನಿಗೆ ಯಾವ ಬಾಬತ್ತು ಯಾವ ಖಾತೆಗೆ ಸೇರಬೇಕೆಂಬುದು ಸಣ್ಣ ಸಂಗತಿಯಲ್ಲ. ತಪ್ಪು ಖಾತೆಗೆ ಬಿದ್ದ ಸಣ್ಣ ಮೊತ್ತವೇ ವರ್ಷಾಂತ್ಯದಲ್ಲಿ ಹೆಚ್ಚು ಕಾಡುತ್ತದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನಿಂದ. ಅವನ ಹವ್ಯಾಸವನ್ನು ಅರಿಯದವರಿಗಾಗಿ ಎರಡು ಮಾತು. ನಿಜವಾದ ಕಾರಿನ ಇಪ್ಪತ್ತನಾಲ್ಕನೆಯ ಒಂದು ಅಳತೆಗೆ ಇಳಿಸಿದ ಬಿಡಿಭಾಗಗಳು, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದು, ಮರದ ಕೊಂಬೆಗೆ ಕಾಯಿಗಳು ಅಂಟಿದಂತೆ ಚೌಕಟ್ಟುಗಳಿಗೆ ಅಂಟಿಕೊಂಡೇ ಪೆಟ್ಟಿಗೆಯಲ್ಲಿ ಬರುತ್ತವೆ. ಒಂದೊಂದನ್ನೂ ಕತ್ತರಿಸಿ, ಅಂಚನ್ನು ಮರಳುಕಾಗದದಿಂದ ಉಜ್ಜಿ, ಬಣ್ಣ ಬಳಿದು, ಕೂಡಿಸಬೇಕು. ಬಳಸುವ ಅಂಟು ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನೇ ಕ್ಷಣಕಾಲ ಕರಗಿಸಿ ಎರಡನ್ನು ಒಂದಾಗಿಸುವ ದ್ರಾವಕ. ಅವಸರಪಟ್ಟು ಕಿಟಕಿಯ ಗಾಜಿಗೆ ತತ್‌ಕ್ಷಣ ಹಿಡಿಯುವ ಬೇರೆ ಅಂಟನ್ನು ಹಾಕಿದರೆ ಅದರ ಆವಿಯಿಂದ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಹೊಳಪಿನ ಬಣ್ಣ ಪೂರ್ತಿ ಒಣಗಲು ದಿನಗಳು ಬೇಕು. ಮುಟ್ಟಿ ನೋಡುವ ಆಸೆಗೆ ಸೋತವನ ಬೆರಳ ಗುರುತು ಬಾನೆಟ್ಟಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಸಂಯಮವನ್ನು ಇಷ್ಟು ಕಟ್ಟುನಿಟ್ಟಾಗಿ ಕಲಿಸುವ ಶಿಕ್ಷಕರು ವಿರಳ.

ಪ್ರತಿಕೃತಿಯ ವಿಚಾರ ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆಯೆಂದರೆ ಒಂದು ವಸ್ತುವಿನಲ್ಲಿ ಇನ್ನೊಂದನ್ನು 'ಇದೇ ಅದು' ಎಂದು ಆರೋಪಿಸುವುದು. ಆಕಾರ ಹೋಲುವುದು ತದಾಕಾರ ಸ್ಥಾಪನೆ. ಚದುರಂಗದ ಕಾಯಿಯನ್ನು ಆನೆಯೆಂದು ಕರೆಯುವಂಥದ್ದು ಅತದಾಕಾರ ಸ್ಥಾಪನೆ. ಮಾದರಿ ಕಾರು ಮೊದಲನೆಯ ಬಗೆಯದೆಂದು ಯಾರೂ ಹೇಳುವರು. ಆದರೆ ಗುಣಿಸಿ ನೋಡಿದರೆ ಅದು ಅಷ್ಟು ನೇರವಲ್ಲ. ಉದ್ದವನ್ನು 24 ಪಾಲು ತಗ್ಗಿಸಿದಾಗ ಮೇಲ್ಮೈ 576 ಪಾಲು ತಗ್ಗುತ್ತದೆ, ಗಾತ್ರ 13,824 ಪಾಲು ತಗ್ಗುತ್ತದೆ. ಸಾವಿರ ಕಿಲೋ ತೂಗುವ ಕಾರು ಅದೇ ಲೋಹಗಳಲ್ಲಿ ಕುಗ್ಗಿದ್ದರೆ ಎಪ್ಪತ್ತೆರಡು ಗ್ರಾಂ ಮಾತ್ರ ತೂಗುತ್ತಿತ್ತು. ಬಾಗಿಲಿನ ತಗಡು ಕೂದಲೆಳೆಗಿಂತ ತೆಳುವಾಗಬೇಕಿತ್ತು. ಅಂಥದ್ದನ್ನು ಎರಕ ಹೊಯ್ಯಲಾಗದ ಕಾರಣ ಮಾದರಿಯ ಮೈ ಒಂದು ಮಿಲಿಮೀಟರಿನಷ್ಟು ದಪ್ಪವಿರುತ್ತದೆ. ಅದನ್ನು ಮತ್ತೆ ಹಿಗ್ಗಿಸಿದರೆ ಒಂದು ಅಂಗುಲ ದಪ್ಪದ ಕವಚದ ಕಾರಾದೀತು! ಬಣ್ಣದಲ್ಲಿನ ಲೋಹದ ಪುಡಿಯೂ ಕುಗ್ಗುವುದಿಲ್ಲ. ಆದ್ದರಿಂದ ಒಳ್ಳೆಯ ಮಾದರಿಕಾರನು ಲೆಕ್ಕಕ್ಕಿಂತ ಕಣ್ಣನ್ನು ನಂಬುತ್ತಾನೆ. ಕೆಲವು ಕುಗ್ಗುತ್ತವೆ, ಕೆಲವು ಕುಗ್ಗುವುದಿಲ್ಲ. ಕುಗ್ಗದೆ ಉಳಿಯುವುದು ಯಾವುದು ಎಂಬುದೇ ಈ ಲೇಖನದ ವಿಷಯ.

ಈ ವಸ್ತುವಿನ ಹುಟ್ಟನ್ನು ವ್ಯಾಪಾರಿಯ ದೃಷ್ಟಿಯಿಂದ ನೋಡುವುದು ಉಪಯುಕ್ತ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1948ರಲ್ಲಿ ಆರಂಭವಾದ ಎ.ಎಂ.ಟಿ. ಎಂಬ ಸಂಸ್ಥೆಯು ಮೊದಮೊದಲು ಮಾಡುತ್ತಿದ್ದುದು ಕಟ್ಟುವ ಮಾದರಿಗಳನ್ನಲ್ಲ. ಕಾರು ಮಾರುವ ಅಂಗಡಿಗಳಿಗೆ, ಗಿರಾಕಿಗಳ ಕೈಗೆ ಕೊಡಲೆಂದು, ಆ ವರ್ಷದ ಹೊಸ ಕಾರಿನ ಸಿದ್ಧ ಪ್ರತಿಕೃತಿಗಳನ್ನು. ತಂದೆ ಕಾರು ನೋಡಲು ಬಂದಾಗ ಮಗುವಿನ ಕೈಯಲ್ಲಿ ಅದೇ ಬಣ್ಣದ ಚಿಕ್ಕ ಕಾರು. ಹತ್ತು ವರ್ಷಗಳ ಬಳಿಕ, 1958ರಲ್ಲಿ, ಅದೇ ಅಚ್ಚುಗಳನ್ನು ಆಧರಿಸಿ, ಒಂದೇ ಪೆಟ್ಟಿಗೆಯಿಂದ ಮೂರು ರೀತಿಯಲ್ಲಿ ಕಟ್ಟಬಹುದಾದ ಬಿಡಿಭಾಗಗಳ ಮಾದರಿಗಳು ಬಂದವು. ಹೀಗೆ ಈ ಮುದ್ದು ವಸ್ತುವಿನ ಪೂರ್ವಜ ಒಂದು ಜಾಹೀರಾತು. ಬೀಜ ಬಿತ್ತಿ ಹದಿನೈದು ವರ್ಷ ಕಾಯಬಲ್ಲ ವ್ಯಾಪಾರಿಯ ಜಾಣ್ಮೆಗೆ ಒಬ್ಬ ವ್ಯಾಪಾರಿಯಾಗಿ ತಲೆದೂಗುತ್ತೇನೆ, ತಾತನಾಗಿ ತಲೆದೂಗಲಾರೆ.

ಜಪಾನಿನ ಶಿಜುವೊಕಾ ನಗರದ ತಮಿಯಾ ಸಂಸ್ಥೆಯ ಕಥೆ ಬೇರೆಯದು. 1946ರಲ್ಲಿ ಮರದ ವ್ಯಾಪಾರವಾಗಿ ಆರಂಭಗೊಂಡು, ಮರದ ಮಾದರಿಗಳಿಗೆ ಹೊರಳಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದ ಮನೆತನ ಅದು. 1976ರಲ್ಲಿ ಪೋರ್ಷೆ 934 ಎಂಬ ಪಂದ್ಯದ ಕಾರನ್ನು ಹನ್ನೆರಡನೆಯ ಒಂದು ಅಳತೆಯಲ್ಲಿ ತರಬೇಕಾದಾಗ, ಜರ್ಮನಿಯಿಂದ ತಂದ ಛಾಯಾಚಿತ್ರಗಳು ಸಾಲದೆ, ಶುನ್ಸಾಕು ತಮಿಯಾ ಅವರು ಒಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಸಿ ಅಳತೆ ತೆಗೆಸಿದರು. ಎಲ್ಲರೂ ಓಡಿಸಲೆಂದು ಕೊಳ್ಳುವ ಕಾರನ್ನು ಒಬ್ಬರು ಅರಿಯಲೆಂದು ಕೊಂಡರು. ಈ ಖರೀದಿಯನ್ನು ಯಾವ ಖಾತೆಗೆ ಹಾಕಿದರೋ ತಿಳಿಯುವ ಕುತೂಹಲ ನನಗೆ ಇಂದಿಗೂ ಇದೆ. ಅಪೇಕ್ಷೆ ಮತ್ತು ಜಿಜ್ಞಾಸೆ ಒಂದೇ ವಸ್ತುವಿನ ಮುಂದೆ ನಿಂತಾಗಲೂ ಒಂದೇ ಆಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ದೊರೆತಿಲ್ಲ.

ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ 'ನನ್ನದು' ಎಂಬ ಮೋಹದಲ್ಲಿ ಗುರುತಿಸಿದರು. ಈ ಮೂರ್ಛೆ ಇಪ್ಪತ್ತನಾಲ್ಕು ಪಾಲು ಕುಗ್ಗುತ್ತದೆಯೇ? ಈ ಹವ್ಯಾಸದ ಪೇಟೆಯನ್ನು ನೋಡಿ. ಹಳೆಯ, ಈಗ ದೊರೆಯದ ಮಾದರಿಯ ಪೆಟ್ಟಿಗೆ ಮೊಹರು ಒಡೆಯದೆ ಇದ್ದರೆ ಅದಕ್ಕೆ ಹೆಚ್ಚಿನ ಬೆಲೆ. ಅದನ್ನೇ ತೆರೆದು, ತಿಂಗಳುಗಟ್ಟಲೆ ದುಡಿದು, ಚೆನ್ನಾಗಿ ಕಟ್ಟಿದರೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಕಚ್ಚಾ ಸಾಮಗ್ರಿಗೆ ಶ್ರಮ ಸೇರಿದಾಗ ಮೌಲ್ಯ ಏರಬೇಕೆಂದು ನಾವು ಬಿ.ಕಾಂ. ತರಗತಿಯಲ್ಲಿ ಕಲಿತದ್ದು ಇಲ್ಲಿ ತಲೆಕೆಳಗಾಗಿದೆ. ಕಟ್ಟಲೆಂದು ಹುಟ್ಟಿದ ವಸ್ತು ಕಟ್ಟದೆ ಇದ್ದಾಗ ಮಾತ್ರ ಸಂಪತ್ತು! ಹೀಗಾಗಿ ಕಟ್ಟುವ ವೇಗಕ್ಕಿಂತ ಕೊಳ್ಳುವ ವೇಗ ಹೆಚ್ಚಾಗಿ, ಕಪಾಟುಗಳು ತುಂಬಿ, ಮಂಚದ ಅಡಿಗೂ ಪೆಟ್ಟಿಗೆಗಳು ಇಳಿಯುತ್ತವೆ. ಪಾಶ್ಚಾತ್ಯ ಹವ್ಯಾಸಿಗಳು ತಮ್ಮ ಈ ದಾಸ್ತಾನಿಗೆ 'ಆಯುಷ್ಯ ಮೀರಿದ ರಾಶಿ' ಎಂಬರ್ಥದ ಹೆಸರನ್ನು ತಾವೇ ಇಟ್ಟುಕೊಂಡು ನಗುತ್ತಾರೆ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಭೂಮಿ ಬಂಗಾರಗಳ ವಿಷಯದಲ್ಲಿ ಅದೇ ಮಾತನ್ನು ಹೇಳಿಕೊಂಡು ನಗುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಇನ್ನು ಮೊಹರು ಒಡೆಯದ ಪೆಟ್ಟಿಗೆಯೂ ಅಕ್ಷಯವೇನಲ್ಲ. ಕಾಲ ಕಳೆದಂತೆ ಅಂಟುಚಿತ್ರಗಳು ಹಳದಿಗಟ್ಟುತ್ತವೆ. ವಿನೈಲಿನ ಟೈರು ತನಗೆ ತಗುಲಿದ ಗಾಜಿನ ಭಾಗವನ್ನು ನಿಧಾನವಾಗಿ ಕರಗಿಸಿ ಅದರ ಮೇಲೆ ತನ್ನ ಅಚ್ಚೊತ್ತುತ್ತದೆ. ಮುಟ್ಟದೆ ಕಾಪಾಡಿದ ವಸ್ತು ಒಳಗೊಳಗೇ ತನ್ನನ್ನು ತಾನು ತಿನ್ನುತ್ತಿರುತ್ತದೆ.

ಆದ್ದರಿಂದ ಮೂರ್ಛೆ ಅಳತೆಯನ್ನು ಅನುಸರಿಸುವುದಿಲ್ಲ ಎಂಬುದು ನನ್ನ ನಿರ್ಣಯ. ಹಾಗೆಂದು ಚಿಕ್ಕ ಕಾರೂ ದೊಡ್ಡ ಕಾರೂ ಒಂದೇ ಎಂದು ಹೇಳಿಬಿಡುವುದು ಅವಿವೇಕ. ಕುಗ್ಗುವುದೊಂದಿದೆ, ಅದು ಹಿಂಸೆ. ಮೇಜಿನ ಮೇಲಿನ ಕಾರು ಇರುವೆಯನ್ನೂ ತುಳಿಯದು. ನಿಜವಾದ ಕಾರಿನ ಮುಂಗಾಜಿನ ಮೇಲೆ ಮಳೆಗಾಲದ ರಾತ್ರಿ ಎಷ್ಟು ಜೀವಗಳು ಅಂಟಿರುತ್ತವೆಂಬುದನ್ನು ಬೆಳಿಗ್ಗೆ ಒರೆಸುವ ಚಾಲಕನೇ ಬಲ್ಲ. ಮನುಷ್ಯರ ಲೆಕ್ಕವನ್ನೇ ತೆಗೆದುಕೊಂಡರೂ, ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಹೆಚ್ಚು ಕಡಿಮೆ ಐದರಲ್ಲೊಬ್ಬರು ಕಾಲ್ನಡಿಗೆಯವರು. ನಮ್ಮ ತ್ಯಾಗಿಗಳು ವಿಹಾರದಲ್ಲಿ ನಡೆಯುವುದೂ ಇದೇ ರಸ್ತೆಗಳ ಅಂಚಿನಲ್ಲಿ ಎಂಬುದನ್ನು ಟ್ರಸ್ಟಿನವರಿಗೆ ನೆನಪಿಸಬೇಕಾಗಿಲ್ಲ.

ಇಲ್ಲಿಯೇ ಮಾದರಿ ಕಟ್ಟುವವರ ಅಭಿಪ್ರಾಯಗಳ ಬಗ್ಗೆ ಒಂದು ಮಾತು ಹೇಳಬೇಕು. ಇವರು ನಿಜವಾದ ಕಾರುಗಳ ಬಗ್ಗೆ ಬಹಳ ಖಚಿತವಾಗಿ ಮಾತನಾಡುತ್ತಾರೆ, ಮತ್ತು ಅನೇಕ ವೇಳೆ ಸರಿಯಾಗಿಯೇ ಮಾತನಾಡುತ್ತಾರೆ. ಕಾರಿನ ಮೈಯ ಪ್ರತಿಯೊಂದು ತಿರುವನ್ನೂ ಬೆರಳಿನಿಂದ ಉಜ್ಜಿದವನಿಗೆ ಯಾವ ಗೆರೆ ಅಗತ್ಯದಿಂದ ಬಂದದ್ದು, ಯಾವುದು ಬರಿಯ ಆಡಂಬರ ಎಂಬುದು ತಿಳಿಯುತ್ತದೆ. ಮೊಮ್ಮಗನೊಡನೆ ಕುಳಿತು ನನಗೂ ಕೆಲವು ಅಭಿಪ್ರಾಯಗಳು ಗಟ್ಟಿಯಾದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲಿ ವ್ಯರ್ಥವಾದ ಒಂದು ಗೆರೆಯೂ ಇರಲಿಲ್ಲ. ಮಿತವ್ಯಯವನ್ನು ಸೌಂದರ್ಯವೆಂದು ಒಪ್ಪುವವರಿಗೆ ಅದೊಂದು ಸುಂದರ ಕಾರು. ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಅಂಬಾಸಿಡರ್ ಭಾರವಾದ, ನಿಧಾನವಾದ, ಆದರೆ ವೃದ್ಧರು ತಲೆ ತಗ್ಗಿಸದೆ ಗೌರವದಿಂದ ಹತ್ತಿ ಇಳಿಯಬಹುದಾಗಿದ್ದ ಕಾರು. ಎರಡರ ತಯಾರಿಕೆಯೂ 2014ರಲ್ಲಿಯೇ ನಿಂತಿತು. ಇಂದಿನ ಎತ್ತರದ ವಾಹನಗಳ ಕೋಪದ ಮುಖಗಳು ನನಗೆ ಸೇರುವುದಿಲ್ಲ. ದೇವಸ್ಥಾನಕ್ಕೆ ಬರುವ ವಾಹನ ಯಾರ ಮೇಲೆ ಸಿಟ್ಟಾಗಬೇಕಾಗಿದೆ?

ಆದರೆ ಈ ಕೊನೆಯ ಅಭಿಪ್ರಾಯಕ್ಕೆ ಮಾದರಿ ನೆರವಾಗಲಿಲ್ಲ, ಆಗುವುದೂ ಸಾಧ್ಯವಿಲ್ಲ. ಮಾದರಿಯನ್ನು ನಾವು ಯಾವಾಗಲೂ ಮೇಲಿನಿಂದ, ಮೂರನೆಯ ಮಹಡಿಯಿಂದ ನೋಡಿದಂತೆ ನೋಡುತ್ತೇವೆ. ರಸ್ತೆ ದಾಟುವ ಮಗು ಅದೇ ಕಾರನ್ನು ಕೆಳಗಿನಿಂದ ನೋಡುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್ಟಿನ ಮುಂತುದಿ ನಲವತ್ತು ಅಂಗುಲಕ್ಕಿಂತ ಎತ್ತರವಿರುವ ವಾಹನ ಢಿಕ್ಕಿಯಾದಾಗ ಪಾದಚಾರಿ ಸಾಯುವ ಸಂಭವ, ಮೂವತ್ತು ಅಂಗುಲದೊಳಗಿನ ಇಳಿಜಾರು ಮೂತಿಯ ವಾಹನಕ್ಕಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ಆ ಹತ್ತು ಅಂಗುಲದ ಅಂತರ ಇಪ್ಪತ್ತನಾಲ್ಕನೆಯ ಅಳತೆಯ ಮಾದರಿಯಲ್ಲಿ ಹತ್ತು ಮಿಲಿಮೀಟರು ಮಾತ್ರ, ಒಂದು ಕಿರುಬೆರಳಿನ ದಪ್ಪ. ಮೇಜಿನ ಮೇಲೆ ಆ ಅಂತರ ಗಾಂಭೀರ್ಯವಾಗಿ ಕಾಣುತ್ತದೆ, 'ಎಷ್ಟು ಗಂಭೀರವಾದ ಗಾಡಿ' ಎನ್ನುತ್ತೇವೆ. ನಯಭೇದದಿಂದ ವಸ್ತು ಬೇರೆ ಬೇರೆಯಾಗಿ ಕಾಣುವುದೆಂಬ ಮಾತನ್ನು ಪ್ರವಚನದಲ್ಲಿ ಕೇಳಿ ತಲೆಯಾಡಿಸುವುದು ಸುಲಭ. ಕಾರು ಕೊಳ್ಳುವ ದಿನ, ಅದರ ಮುಂದೆ ಮೊಣಕಾಲೂರಿ ಕುಳಿತು, ಆರು ವರ್ಷದ ಮಗುವಿನ ಕಣ್ಣಿನ ಎತ್ತರದಿಂದ ಒಮ್ಮೆ ನೋಡುವವರು ಎಷ್ಟು ಮಂದಿ? ಪ್ರದರ್ಶನ ಕೊಠಡಿಯಲ್ಲಿ ಚಾಲಕನ ಆಸನದಲ್ಲಿ ಕೂರಿಸುತ್ತಾರೆಯೇ ಹೊರತು ಚಕ್ರದ ಮುಂದೆ ಯಾರನ್ನೂ ಕೂರಿಸುವುದಿಲ್ಲ.

ಇನ್ನು ಖಾತೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ: ತೆರೆಯದ ಪೆಟ್ಟಿಗೆ ಭಾಂಡದ ಲೆಕ್ಕಕ್ಕೆ, ಬೆಲೆಯೊಡನೆ, ಅಂಥವು ಎರಡಕ್ಕಿಂತ ಹೆಚ್ಚಿರಕೂಡದು. ಕಟ್ಟಿ ಮುಗಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಕೇಳಿದವರಿಗೆ ಕೊಟ್ಟುಬಿಡಲು ಸಿದ್ಧನಿರಬೇಕು. ಮೊಮ್ಮಗ ಮೊದಲನೆಯ ನಿಯಮಕ್ಕೆ ಕೂಡಲೇ ಒಪ್ಪಿದ. ಎರಡನೆಯದಕ್ಕೆ ಒಪ್ಪಲು ಎರಡು ವಾರ ಬೇಕಾಯಿತು. ಅವನು ಕಷ್ಟಪಟ್ಟದ್ದು ಕೊಂಡದ್ದನ್ನು ಬಿಡಲು ಅಲ್ಲ, ಮಾಡಿದ್ದನ್ನು ಬಿಡಲು. ಕರ್ತೃತ್ವದ ಮೂರ್ಛೆ ಸ್ವಾಮ್ಯದ ಮೂರ್ಛೆಗಿಂತ ಬಲವಾದದ್ದಿರಬಹುದು. ಬಸದಿಯ ಕಂಬಗಳ ಮೇಲೆ ದಾನಿಗಳ ಹೆಸರು ಕೆತ್ತಿಸುವ ನಾವು ಅದನ್ನು ಅವನಿಗೆ ಬೋಧಿಸುವ ಮೊದಲು ಸ್ವಲ್ಪ ಯೋಚಿಸಬೇಕು.

ಈಚೆಗೆ ಅವನು ಪೆಟ್ಟಿಗೆಯ ನೆರವಿಲ್ಲದೆ, ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸಿ, ತಾನೇ ಒಂದು ಅಂಬಾಸಿಡರ್ ಕಟ್ಟಲು ತೊಡಗಿದ್ದಾನೆ. ಅಳತೆಗಾಗಿ ನಮ್ಮ ಪರಿಚಯದವರೊಬ್ಬರ ಷೆಡ್ಡಿನಲ್ಲಿ ನಿಂತಿರುವ ಹಳೆಯ ಗಾಡಿಯ ಬಳಿ ಎರಡು ಸಂಜೆ ಕಳೆದೆವು. ಟೇಪಿನ ಒಂದು ತುದಿಯನ್ನು ನಾನು ಹಿಡಿದೆ, ಅವನು ನೆಲದ ಮೇಲೆ ಕುಳಿತು ಬಂಪರಿನಿಂದ ಬಾನೆಟ್ಟಿನ ತುದಿಯವರೆಗೆ ಎತ್ತರ ಬರೆದುಕೊಂಡ. ಉದ್ದ 24ರಿಂದ ಭಾಗಿಸಿದರೆ ನೂರ ಎಂಬತ್ತು ಮಿಲಿಮೀಟರು ಬರುತ್ತದೆ. ಛಾವಣಿ, ಬಾಗಿಲುಗಳು ಆಗಿವೆ. ಬಾನೆಟ್ಟಿನ ಆ ಉಬ್ಬು ಮಾತ್ರ, ಎರಡು ದಿಕ್ಕಿನಲ್ಲಿಯೂ ಬಾಗಿರುವುದರಿಂದ, ಹಾಳೆಗೆ ಒಗ್ಗುತ್ತಿಲ್ಲ. ಮರದ ಅಚ್ಚೊಂದನ್ನು ಕೊರೆದು ಅದರ ಮೇಲೆ ಹಾಳೆಯನ್ನು ಕಾಯಿಸಿ ಒತ್ತಬೇಕೆನ್ನುತ್ತಾನೆ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ತೇಗದ ತುಂಡೊಂದಿತ್ತು, ಹುಡುಕಿ ಕೊಡಬೇಕಾಗಿದೆ.