ಹರಿತವಿಲ್ಲದ ಕತ್ತಿ

ಜಪಾನಿನಲ್ಲಿ ಇಯಾಯ್ದೋ ಎಂಬ ಕತ್ತಿವಿದ್ಯೆಯೊಂದಿದೆ. ಅದರಲ್ಲಿ ಇಬ್ಬರು ಎದುರುಬದುರು ನಿಂತು ಹೊಡೆದಾಡುವುದಿಲ್ಲ. ಒಬ್ಬರೇ ಮಂಡಿಯೂರಿ ಕೂತು, ಇಲ್ಲದ ಶತ್ರುವನ್ನು ಕಣ್ಣೆದುರು ತಂದುಕೊಂಡು, ಒರೆಯಿಂದ ಕತ್ತಿ ಹಿರಿದು ಬೀಸಿ, ಅಂಟಿದ ರಕ್ತವನ್ನು ಕೊಡವಿದಂತೆ ಮಾಡಿ, ಮತ್ತೆ ಒರೆಗೆ ಸೇರಿಸುವುದು. ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇಯಾಯ್ತೋ, ಅಂದರೆ ಅಭ್ಯಾಸದ ಕತ್ತಿ. ಅದು ಉಕ್ಕಿನದಲ್ಲ, ಸತು ಮತ್ತು ಅಲ್ಯೂಮಿನಿಯಂ ಬೆರೆಸಿದ ಲೋಹದ್ದು. ಸಾಣೆ ಹಿಡಿದರೂ ಹರಿತ ನಿಲ್ಲದು. ಜಪಾನಿನಲ್ಲಿ 1876ರಲ್ಲೇ ಸಮುರಾಯಿಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವುದನ್ನು ಸರ್ಕಾರ ನಿಲ್ಲಿಸಿತು. 1958ರ ಕಾನೂನಿನ ಪ್ರಕಾರ ನಿಜವಾದ ಕತ್ತಿ ಇಟ್ಟುಕೊಳ್ಳಬೇಕಾದರೆ ಅದಕ್ಕೆ ನೋಂದಣಿ ಪತ್ರವಿರಬೇಕು. ಅಭ್ಯಾಸದ ಕತ್ತಿಗೆ ಆ ತೊಡಕಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಗೋಯಾದಲ್ಲಿ ಕೆಲಸದಲ್ಲಿದ್ದಾಳೆ. ಅವಳು ಈ ವಿದ್ಯೆಗೆ ಸೇರಿ, ತನ್ನದೇ ಕತ್ತಿ ಮಾಡಿಸಿಕೊಳ್ಳಲು ಹೊರಟಾಗ ನನಗೆ ಇವೆಲ್ಲ ತಿಳಿದದ್ದು. ಆರಿಸಬೇಕಾದದ್ದು ಒಂದೇ ಎರಡೇ! ಹಿಡಿಗೆ ಸುತ್ತುವ ಪಟ್ಟಿ ಹತ್ತಿಯದೋ ರೇಷ್ಮೆಯದೋ ಚರ್ಮದ್ದೋ, ಕೈಗೆ ಅಡ್ಡವಾಗಿರುವ ತಟ್ಟೆಯ ಮೇಲೆ ಕೊಕ್ಕರೆಯೋ ಬಿದಿರೋ, ಒರೆಯ ಅರಗಿನ ಬಣ್ಣ ಯಾವುದು, ಎಲ್ಲವನ್ನೂ ನಾವೇ ಹೇಳಬೇಕು. ಸೀರೆಗೆ ಅಂಚು, ಸೆರಗು, ಖಣ ಹೊಂದಿಸಿದ ಹಾಗೆ. ಆದರೆ ಉದ್ದ ಮಾತ್ರ ನಮ್ಮ ಇಷ್ಟದ್ದಲ್ಲ, ಎತ್ತರ ನೋಡಿ ಹೇಳುತ್ತಾರೆ. ಐದಡಿ ಮೂರಂಗುಲದ ಅವಳಿಗೆ ಎರಡು ಶಾಕು ಮೂರು ಸುನ್, ಅಂದರೆ ಸುಮಾರು 70 ಸೆಂಟಿಮೀಟರು. ಅಲುಗಿನ ಬೆನ್ನಿನುದ್ದಕ್ಕೂ ತೋಡು ಕೊರೆಸಿದರೆ ಕತ್ತಿ ಹಗುರವಾಗುತ್ತದೆ, ಸರಿಯಾಗಿ ಬೀಸಿದಾಗ ಶಿಳ್ಳೆಯ ಸದ್ದೂ ಬರುತ್ತದೆ. ಸದ್ದು ಬರದಿದ್ದರೆ ಬೀಸಿದ್ದು ಓರೆಯಾಯಿತೆಂದು ತಿಳಿಯಬಹುದು. ಇಂಥ ಮೇಷ್ಟ್ರು ನಮಗೂ ಒಬ್ಬರಿದ್ದಿದ್ದರೆ ಎನ್ನಿಸಿತು.

ಕತ್ತರಿಸದ ಕತ್ತಿಗೆ ಇಷ್ಟೆಲ್ಲ ಮರ್ಯಾದೆ ಏಕೆ? ಅಭ್ಯಾಸಕ್ಕೆ ಮೊದಲೂ ಕೊನೆಗೂ ಅದಕ್ಕೆ ತಲೆಬಾಗಬೇಕು, ಹಿಡಿಯನ್ನು ಅಲುಗಿಗೆ ಬಂಧಿಸಿರುವ ಬಿದಿರಿನ ಗೂಟ ಸಡಿಲವಾಗಿದೆಯೇ ಎಂದು ಪ್ರತಿಸಲವೂ ನೋಡಬೇಕು. ನಮ್ಮ ಈಳಿಗೆಮಣೆ ದಿನವೂ ನಿಜವಾಗಿ ಕತ್ತರಿಸುತ್ತದೆ. ಅದಕ್ಕೆ ಕುಂಕುಮ ಬೀಳುವುದು ಆಯುಧಪೂಜೆಯ ದಿನ ಮಾತ್ರ. ಕೇಳಿದಾಗ ಅವಳು ಹೇಳಿದಳು: "ಟೀಚರ್, ಹರಿತವಿಲ್ಲದಿದ್ದರೂ ಮೊನೆ ಚೂಪಾಗಿಯೇ ಇರುತ್ತದೆ, ಚುಚ್ಚಿಬಿಡುತ್ತದೆ."

ಆದರೆ ನನ್ನನ್ನು ಕಾಡಿದ್ದು ಅಪಾಯದ ವಿಷಯವಲ್ಲ, ಅವಳ ಮೊದಲ ಪಾಠ. ಅದರ ಹೆಸರು 'ಮಾಎ', ಎಂದರೆ ಮುಂದೆ. ಎದುರಿಗೆ ಒಬ್ಬ ಕೂತಿದ್ದಾನೆ. ಅವನು ನಮ್ಮನ್ನು ಕೊಲ್ಲಲಿದ್ದಾನೆಂದು ಮನಸ್ಸಿಗೆ ಹೊಳೆಯುತ್ತದೆ. ಅವನಿಗಿಂತ ಮೊದಲೇ ನಾವು ಕತ್ತಿ ಹಿರಿದು ಅಡ್ಡಲಾಗಿ ಬೀಸಿ, ಆಮೇಲೆ ನೆತ್ತಿಯಿಂದ ಕೆಳಕ್ಕೆ ಸೀಳುತ್ತೇವೆ. ಅವನ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ಹೇಳಿದವರು ಯಾರು? ಅವನಿನ್ನೂ ಏನೂ ಮಾಡಿಲ್ಲವಲ್ಲ! ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಈ 'ಹೊಳೆಯುವುದು' ಎಂಥದ್ದೆಂದು ಗೊತ್ತು. ಹಿಂದಿನ ಬೆಂಚಿನ ಹುಡುಗ ತಲೆ ತಗ್ಗಿಸಿದ ಕೂಡಲೇ ಕಿತಾಪತಿಯೆಂದೇ ತೀರ್ಮಾನ. ಅತ್ತೆ ಸುಮ್ಮನಿದ್ದರೆ ಸೊಸೆಗೂ, ಸೊಸೆ ಸುಮ್ಮನಿದ್ದರೆ ಅತ್ತೆಗೂ ಏನೇನೋ ಹೊಳೆಯುತ್ತದೆ. ಅನುಮಾನವನ್ನು ದಿನಕ್ಕೆ ನೂರು ಸಲ ಅಭ್ಯಾಸ ಮಾಡಿದರೆ ಕೈ ಅದಕ್ಕೇ ಒಗ್ಗಿಹೋಗದೇ? ಹರಿತ ಲೋಹದಲ್ಲಿಲ್ಲದಿದ್ದರೆ ಮನಸ್ಸಿನಲ್ಲಿ ಮೂಡಬಹುದಲ್ಲ!

ಇದನ್ನು ಅವಳು ತನ್ನ ಗುರುವಿನ ಮುಂದಿಟ್ಟಳಂತೆ. ಒರೆಯೊಳಗಿರುವಾಗಲೇ ಗೆಲ್ಲುವುದು ನಿಜವಾದ ಗೆಲುವೆಂಬುದು ಅಲ್ಲಿಯ ಹಳೆಯ ಮಾತು. ಅವರು ಅದನ್ನು ಹೇಳಿ ಸುಮ್ಮನಾಗಲಿಲ್ಲ. ಕತ್ತಿಯನ್ನು ಮೊದಲು ಬಲು ನಿಧಾನವಾಗಿ ಎಳೆದು ತೋರಿಸಿದರು. ಎದುರಿನವನು ಮನಸ್ಸು ಬದಲಿಸಲು ಕೊಡುವ ಕಾಲವದು. ಅವನು ಹಿಂಜರಿದರೆ ನಾವೂ ಅಲ್ಲಿಗೇ ನಿಲ್ಲಿಸಬಹುದು. ವೇಗವೇನಿದ್ದರೂ ಕಟ್ಟಕಡೆಯಲ್ಲಿ. ಹೊಸಬರು ಎಡವುವುದು ಆ ನಿಧಾನದಲ್ಲೇ ಅಂತೆ.

ಈ ಉತ್ತರ ನನಗೆ ಅರ್ಧ ಒಪ್ಪಿಗೆಯಾಯಿತು. ಇಲ್ಲದ ಶತ್ರು ಹಿಂಜರಿಯುವುದಾದರೂ ಹೇಗೆ? ಪ್ರತಿದಿನವೂ ಅವನು ಸಾಯುತ್ತಲೇ ಇದ್ದಾನೆ. ಹಾಗೆಂದು ಬರೆದೆ. ಅವಳು ಕಪ್ಪು ಒರೆ, ಹತ್ತಿಯ ಪಟ್ಟಿ, ಚಿತ್ರವಿಲ್ಲದ ತಟ್ಟೆ ಆರಿಸಿದ್ದಾಳೆ. ಈಗ ಮೊದಲ ಅರ್ಧವನ್ನಷ್ಟೇ ಅಭ್ಯಾಸ ಮಾಡುತ್ತಿದ್ದಾಳಂತೆ: ನಿಧಾನವಾಗಿ ಅರ್ಧ ಎಳೆದು, ನೋಡಿ, ಮತ್ತೆ ಒಳಗೆ.