ಹಾಡುವವನ ಕಾಯಕ, ಕೊಡುವವನ ಧರ್ಮ



ಜಾತ್ರೆ, ಲಗ್ನ, ಗೃಹಪ್ರವೇಶಗಳ ಕಾಲ ಬಂತೆಂದರೆ ಮನೂರು, ನಾರಾಯಣಖೇಡ, ಜಹೀರಾಬಾದ, ತಾಂಡೂರು ಭಾಗದ ಭಜನಾ ಮೇಳದವರಿಗೂ ಹಲಗೆಯವರಿಗೂ ಹಾರ್ಮೋನಿಯಂ, ತಬಲಾ ಬಾರಿಸುವವರಿಗೂ ಬಿಡುವು ಇರುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರಚನೆಯಾದಾಗ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯನ್ನು ಬಿಟ್ಟು ಮೇದಕ ಜಿಲ್ಲೆಗೆ ಸೇರಿದವು. ನಕ್ಷೆಯ ಮೇಲೆ ಗೆರೆ ಬಿದ್ದರೂ ಹಾಡಿಗೆ ಗೆರೆ ಬೀಳಲಿಲ್ಲ. ಇಂದಿಗೂ ನಮ್ಮಲ್ಲಿ ಒಂದೇ ಹಂದರದ ಕೆಳಗೆ ಕನ್ನಡ ವಚನ, ತೆಲುಗು ಪದ, ಮರಾಠಿ ಅಭಂಗ ಮೂರೂ ಕೇಳಿಬರುತ್ತವೆ.

ಹೀಗೆ ಸಂಚಕಾರ ಕೊಟ್ಟು ಕರೆಸಿದ ಮೇಳದವನು, ಕಾರ್ಯಕ್ರಮದ ನಡುವೆ ಕೂಲಿಕಾರರ ಕಷ್ಟದ ಬಗ್ಗೆಯೋ, ಬಡ್ಡಿಯ ಬಗ್ಗೆಯೋ, ಸರಕಾರ ಕೊಂಡ ಭೂಮಿಯ ಬಗ್ಗೆಯೋ ಒಂದು ಪ್ರತಿಭಟನೆಯ ಪದ ಎತ್ತಿದರೆ ಅದು ಸರಿಯೇ? "ಹಣ ಕೊಟ್ಟವರು ನಾವು, ನಾವು ಹೇಳಿದ್ದನ್ನು ಹಾಡಲಿ" ಎನ್ನುವವರು ಒಂದು ಕಡೆ. "ಹಣಕ್ಕೆ ಹೆದರಿ ಸತ್ಯ ಹೇಳದವನು ಕಲಾವಿದನೇ ಅಲ್ಲ" ಎನ್ನುವ ಯುವಕರು ಇನ್ನೊಂದು ಕಡೆ. ಎರಡೂ ಮಾತುಗಳಲ್ಲಿ ಅರ್ಧ ನ್ಯಾಯವಿದೆ. ಇದನ್ನು ಶರಣರ ಕಾಯಕ ತತ್ತ್ವದ ಬೆಳಕಿನಲ್ಲಿ ವಿಚಾರಿಸಿ ನೋಡೋಣ.

ಮೊದಲನೆಯದಾಗಿ, ಸಂಭಾವನೆ ಯಾವುದಕ್ಕೆ ಸಲ್ಲುತ್ತದೆ? ವ್ಯಾಪಾರಸ್ಥ ಬಂಧುಗಳಿಗೆ ಈ ಲೆಕ್ಕ ಕಠಿಣವಲ್ಲ. ಅಡತ್ ಅಂಗಡಿಯವನು ತೊಗರಿ ಮಾರುತ್ತಾನೆ, ತಕ್ಕಡಿಯ ಸತ್ಯವನ್ನು ಮಾರುವುದಿಲ್ಲ. ತಕ್ಕಡಿಯ ಸತ್ಯವನ್ನೇ ಮಾರಿದ ದಿನ ಆತನ ತೊಗರಿಯನ್ನೂ ಯಾರೂ ನಂಬುವುದಿಲ್ಲ. ಹಾಗೆಯೇ ಹಾಡುಗಾರನು ತನ್ನ ರಾತ್ರಿಯ ನಿದ್ದೆ, ಗಂಟಲಿನ ಶ್ರಮ, ವರ್ಷಗಟ್ಟಲೆಯ ಅಭ್ಯಾಸ ಇವುಗಳಿಗೆ ಪ್ರತಿಫಲ ಪಡೆಯುತ್ತಾನೆ. ಆತನ ಅಂತಃಸಾಕ್ಷಿ ಜಮಾ ಖರ್ಚಿನ ಪುಸ್ತಕದಲ್ಲಿ ಬರುವ ಬಾಬತ್ತಲ್ಲ.

ಶರಣರ ಚರಿತ್ರೆಯೂ ಇದನ್ನೇ ಸಾರುತ್ತದೆ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರು ತಮ್ಮ ಹಗ್ಗದ ನ್ಯಾಯವಾದ ಬೆಲೆಗಿಂತ ಹೆಚ್ಚಾಗಿ ಬಂದ ಹಣವನ್ನು ಒಪ್ಪಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ತಿರುಗಿ ಕಳುಹಿಸಿದರು. ಹಾಡುಗಾರನಿಗೂ ಇಂಥ ಹೆಚ್ಚಿನ ಅಕ್ಕಿ ಬರುವುದುಂಟು. ಮುಖಸ್ತುತಿ ಮಾಡಿದ್ದಕ್ಕೆ ಮೇಲಿಂದ ಬರುವ ನೋಟು ಮತ್ತು ಕಂಡದ್ದನ್ನು ಹೇಳದೆ ಸುಮ್ಮನಿದ್ದುದಕ್ಕೆ ಬರುವ ಹಣ ಆ ಬಗೆಯವು. ಹಾಡಿದ ಕೂಲಿ ಕಾಯಕದ ಫಲ, ಬಾಯಿ ಮುಚ್ಚಿಕೊಂಡ ಕೂಲಿ ಕಾಯಕದ ಫಲವಲ್ಲ.

ಹಣ ಪಡೆದು ಕಲೆ ತೋರಿಸುವುದೇ ಕೀಳು ಎಂದು ತಿಳಿಯುವವರೂ ಇದ್ದಾರೆ. ಶರಣರು ಹಾಗೆ ತಿಳಿದಿರಲಿಲ್ಲ. ವೇಷ ಹಾಕಿ ಆಟ ಆಡುತ್ತಿದ್ದ ಬಹುರೂಪಿ ಚೌಡಯ್ಯನವರು, ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬ್ರಹ್ಮಯ್ಯನವರು ಕಲ್ಯಾಣದ ಶರಣರಲ್ಲಿ ಮಾನ್ಯರಾಗಿದ್ದರು. ಚೌಡಯ್ಯನವರ ವೃತ್ತಿಯ ಆಟವೇ ಅವರ ವಚನಗಳಿಗೆ ಮಾತಾಯಿತು. ಕಾಯಕವೂ ಸತ್ಯದ ನುಡಿಯೂ ಒಂದೇ ಬಾಯಲ್ಲಿ ಕೂಡಿ ಬಾಳಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇನ್ನೂ ಒಂದು ವಿಚಾರವನ್ನು ಬಂಧುಗಳು ಗಮನಿಸಬೇಕು. ನಮ್ಮ ಲಗ್ನಗಳಲ್ಲಿ, ಪುಣ್ಯಸ್ಮರಣೆಗಳಲ್ಲಿ ಸಂಭಾವನೆ ಕೊಟ್ಟು ಹಾಡಿಸುವ ವಚನಗಳೇ ಮೂಲತಃ ಪ್ರತಿಭಟನೆಯ ನುಡಿಗಳು. ಹುಟ್ಟಿನಿಂದ ಮೇಲು ಕೀಳು ಎಣಿಸುವುದರ ವಿರುದ್ಧ, ಡಾಂಭಿಕ ಪೂಜೆಯ ವಿರುದ್ಧ, ದುಡಿಯದೆ ಉಣ್ಣುವುದರ ವಿರುದ್ಧ ಆಡಿದ ನುಡಿಗಳು ಅವು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಪ್ರಸಂಗದಿಂದ ಕಲ್ಯಾಣವೇ ಹೊತ್ತಿ ಉರಿದು, ಶರಣರು ಈ ನುಡಿಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. ಮಲ್ಲಿಕಾರ್ಜುನ ಮನಸೂರ ಅವರಂಥ ಮಹಾ ಗಾಯಕರು, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ಅವರು ಈ ವಚನಗಳನ್ನು ಕಛೇರಿಗಳಲ್ಲಿ ಹಾಡಿ ಮನೆ ಮನೆಗೆ ಮುಟ್ಟಿಸಿದರು. ರಾಗದ ಸವಿಯಲ್ಲಿ ನಾವು ತಲೆದೂಗುತ್ತೇವೆ. ಆದರೆ ಆ ನುಡಿ ನಮಗೇ ಹೇಳಿದ್ದು ಎಂಬುದನ್ನು ಮರೆಯುತ್ತೇವೆ. ಎಂಟು ನೂರು ವರ್ಷ ಹಳೆಯದಾದ ಪ್ರತಿಭಟನೆ ನಮಗೆ ಭಕ್ತಿ, ಇಂದಿನ ಪ್ರತಿಭಟನೆ ಮಾತ್ರ ಉದ್ಧಟತನ ಎನ್ನುವುದು ನ್ಯಾಯವಾದೀತೇ?

ನಮ್ಮ ತೆಲಂಗಾಣವಂತೂ ಹಾಡಿನಿಂದಲೇ ಎದ್ದ ನಾಡು. ಗದ್ದರ್ ಎಂದು ಹೆಸರಾದ ಗುಮ್ಮಡಿ ವಿಠಲರಾವ್ ಅವರು ಹುಟ್ಟಿದ್ದು ನಮ್ಮ ಹಳೆಯ ಮೇದಕ ಜಿಲ್ಲೆಯ ತೂಪ್ರಾನಿನಲ್ಲಿ. ಕೆನರಾ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು 1984ರಲ್ಲಿ ಅದನ್ನು ಬಿಟ್ಟು ಪೂರ್ಣವಾಗಿ ಹಾಡಿಗೆ ನಿಂತರು. 1997ರ ಏಪ್ರಿಲ್‌ನಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು, ಆದರೂ ಬದುಕಿ ಉಳಿದು ಹಾಡಿದರು. 2023ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಸರಕಾರಿ ಗೌರವ ಸಂದಿತು, 2025ರಲ್ಲಿ ರಾಜ್ಯದ ಚಲನಚಿತ್ರ ಪ್ರಶಸ್ತಿಗಳನ್ನು ಅವರ ಹೆಸರಿನಲ್ಲಿ ಕೊಡಲಾಯಿತು. ಅವರು ಒಂದು ಕಾಲಕ್ಕೆ ಬೆಂಬಲಿಸಿದ ಆಯುಧದ ದಾರಿ ದಯೆಯೇ ಮೂಲವೆಂದು ನಂಬಿದ ನಮಗೆ ಒಪ್ಪಿತವಲ್ಲ. ಆದರೆ ಹಾಡಿಗಾಗಿ ತಿಂಗಳ ಪಗಾರವನ್ನೇ ಬಿಟ್ಟರೆಂಬುದು ವಿಚಾರಯೋಗ್ಯ.

ಇದರ ಎದುರು ಮುಖವೂ ಉಂಟು. 2014ರಲ್ಲಿ ಪ್ರತ್ಯೇಕ ರಾಜ್ಯವಾದ ನಂತರ ಚಳವಳಿಯಲ್ಲಿ ಹಾಡಿದ ನೂರಾರು ಕಲಾವಿದರನ್ನು ಸರಕಾರವು ತೆಲಂಗಾಣ ಸಾಂಸ್ಕೃತಿಕ ಸಾರಥಿ ಎಂಬ ಸಂಸ್ಥೆಯಲ್ಲಿ ಸಂಬಳಕ್ಕೆ ತೆಗೆದುಕೊಂಡು, ಸರಕಾರಿ ಯೋಜನೆಗಳ ಪ್ರಚಾರಕ್ಕೆ ಹಾಡುವ ಕೆಲಸ ಕೊಟ್ಟಿತು. ಹೊಟ್ಟೆಗಿಲ್ಲದೆ ಹಾಡಿದವರಿಗೆ ಅನ್ನದ ದಾರಿಯಾದದ್ದು ಒಳ್ಳೆಯದೇ. ಒಳ್ಳೆಯ ಯೋಜನೆಯನ್ನು ಜನರಿಗೆ ತಿಳಿಸುವುದರಲ್ಲಿ ದೋಷವಿಲ್ಲ. ಆದರೆ ರೈತನ ಅಹವಾಲು ಎದುರಿಗೆ ಬಂದಾಗ ಅದೇ ಬಾಯಿ ಅದನ್ನೂ ಹಾಡಬಲ್ಲುದೇ ಎಂಬುದೇ ಪರೀಕ್ಷೆ. ಹಾಡದಿದ್ದರೆ ಆ ಅನ್ನದೊಳಗೆ ಹಂಗು ಸೇರಿತೆಂದು ಅರ್ಥ. ಚುನಾವಣೆಯ ಕಾಲದಲ್ಲಿ ಬೆಳಿಗ್ಗೆ ಒಂದು ಪಕ್ಷಕ್ಕೆ, ಸಂಜೆ ಇನ್ನೊಂದು ಪಕ್ಷಕ್ಕೆ ಆವೇಶದಿಂದ ಹೋರಾಟದ ಹಾಡು ಹಾಡುವುದು ಇನ್ನೂ ದೊಡ್ಡ ದೋಷ. ಸುಮ್ಮನಿದ್ದವನು ಸತ್ಯವನ್ನು ಮುಚ್ಚಿಟ್ಟನಷ್ಟೆ, ಇವನು ಸತ್ಯದ ವೇಷವನ್ನೇ ಬಾಡಿಗೆಗೆ ಕೊಟ್ಟಂತಾಯಿತು.

ಹಾಗಾದರೆ ಹಾಡುಗಾರನು ಪ್ರತಿಯೊಂದು ಹಂದರದಲ್ಲಿಯೂ ಹೋರಾಟದ ಪದ ಹಾಡಲೇಬೇಕೇ? ಹಾಗೆ ಹೇಳುವುದು ಸುಲಭ. ಬೆಲೆ ತೆರುವವನು ಆತ, ನಾವಲ್ಲ. ವರಕವಿ ಬೇಂದ್ರೆಯವರು ಶಾಲಾ ಶಿಕ್ಷಕರಾಗಿದ್ದಾಗ ತಮ್ಮ ನರಬಲಿ ಕವಿತೆಗಾಗಿ 1932ರಲ್ಲಿ ಹಿಂಡಲಗಿ ಜೈಲು ಸೇರಿದರು. ಹೊರಬಂದ ಮೇಲೂ ಎಷ್ಟೋ ವರ್ಷ ಕೆಲಸವಿಲ್ಲದೆ ಕಷ್ಟಪಟ್ಟರು. ಅಂಥ ಎದೆಗಾರಿಕೆಯನ್ನು ವಂದಿಸಬಹುದೇ ಹೊರತು, ಮೂರು ಮಕ್ಕಳ ಹೊಟ್ಟೆ ಹೊರೆಯುವ ಹಲಗೆಯವನಿಂದ ಅದನ್ನು ಕೇಳಿ ಪಡೆಯುವ ಅಧಿಕಾರ ನಮಗಿಲ್ಲ.

ಕರೆಸಿದ ಮನೆಯವರ ನ್ಯಾಯವೂ ಇದೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ನಮ್ಮ ಹಿರಿಯರದು. ಮಗಳನ್ನು ಒಪ್ಪಿಸಿ ಕೊಡುವ ಹೊತ್ತಿನಲ್ಲಿ ಆ ಯಜಮಾನನ ತಪ್ಪನ್ನೇ ಎತ್ತಿ ಹಾಡಿದರೆ, ಏನೂ ಅರಿಯದ ಮಗಳ ಕಣ್ಣಲ್ಲಿ ನೀರು ಬರುತ್ತದೆ. ಅದು ಅನ್ಯಾಯಕ್ಕೆ ಕೊಟ್ಟ ಉತ್ತರವಾಗದು. ಅಮೆರಿಕದ ಕಪ್ಪು ಜನಾಂಗದ ಗಾಯಕಿ ಬಿಲ್ಲಿ ಹಾಲಿಡೇ ಅವರ ಉದಾಹರಣೆ ಇಲ್ಲಿ ಉಚಿತವಾಗಿದೆ. ತಮ್ಮ ಜನರನ್ನು ಗುಂಪುಕಟ್ಟಿ ಗಿಡಗಳಿಗೆ ನೇಣು ಹಾಕುತ್ತಿದ್ದ ಕ್ರೌರ್ಯದ ಬಗ್ಗೆ ಒಬ್ಬ ಶಾಲಾ ಶಿಕ್ಷಕರು ಬರೆದ ಹಾಡನ್ನು ಅವರು 1939ರಲ್ಲಿ ನ್ಯೂಯಾರ್ಕಿನ ಕೆಫೆ ಸೊಸೈಟಿ ಎಂಬಲ್ಲಿ ಸಂಭಾವನೆಯ ಕಾರ್ಯಕ್ರಮದಲ್ಲಿಯೇ ಹಾಡಿದರು. ಆದರೆ ಅಡಗಿಸಿಕೊಂಡು ಹಾಡಲಿಲ್ಲ. ಅದು ಕೊನೆಯ ಹಾಡೆಂದು ಮೊದಲೇ ಗೊತ್ತಾಗಿತ್ತು. ಆ ಹೊತ್ತಿಗೆ ತಿಂಡಿ ಬಡಿಸುವವರು ಕೈ ನಿಲ್ಲಿಸುತ್ತಿದ್ದರು, ದೀಪ ಆರಿಸಿ ಅವರ ಮುಖದ ಮೇಲೆ ಮಾತ್ರ ಬೆಳಕು ಬಿಡುತ್ತಿದ್ದರು. ಅವರ ರಿಕಾರ್ಡು ಕಂಪನಿ ಆ ಹಾಡನ್ನು ಮುದ್ರಿಸಲು ಒಪ್ಪಲಿಲ್ಲ, ಇನ್ನೊಂದು ಚಿಕ್ಕ ಕಂಪನಿ ಒಪ್ಪಿತು. ಕರೆಸಿದವರ ಒಪ್ಪಿಗೆಯೂ ಹಾಡುವವರ ಧೈರ್ಯವೂ ಕೂಡಿದಾಗ ಹಾಡು ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈಗ ನಮ್ಮ ಕಡೆಗೆ ನೋಡಿಕೊಳ್ಳೋಣ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಸುಮಾರು 12,600 ಎಕರೆ ಭೂಮಿ ಗುರುತಿಸಿದಾಗ ರೈತರ ಹಾಡು ನಮಗೆ ಹಿತವಾಯಿತು. ಕಬ್ಬಿನ ಬಾಕಿಯ ಬಗ್ಗೆ, ಹತ್ತಿಯ ಧಾರಣೆಯ ಬಗ್ಗೆ ಹಾಡಿದರೆ ಚಪ್ಪಾಳೆ ತಟ್ಟುತ್ತೇವೆ. ಅದೇ ಮೇಳದವನು ಕಳೆ ತೆಗೆಯುವ ಹೆಣ್ಣಾಳಿನ ಕೂಲಿಯ ಬಗ್ಗೆ, ತೂಕದಲ್ಲಿ ಕಡಿಯುವ ಸೇರುಗಳ ಬಗ್ಗೆ, ಊರ ಕೇರಿಯ ಬೇರೆ ಲೋಟದ ಬಗ್ಗೆ ಹಾಡಿದರೆ "ಇದು ಸಮಯವಲ್ಲ" ಎನ್ನುತ್ತೇವೆ. ನಮ್ಮ ನೋವಿನ ಹಾಡು ಹೋರಾಟ, ನಮ್ಮ ತಪ್ಪಿನ ಹಾಡು ಅಧಿಕಪ್ರಸಂಗ! ಝರಾಸಂಗಮ ಮಂಡಲದ ಮಾಚನೂರಿನಲ್ಲಿ ಬಡ ದಲಿತ ಹೆಣ್ಣುಮಕ್ಕಳು 2008ರಿಂದ ಸಂಘಂ ರೇಡಿಯೋ ನಡೆಸಿ ತಮ್ಮ ಬೀಜ, ತಮ್ಮ ಬೇಸಾಯ, ತಮ್ಮ ಬಾಳಿನ ಹಾಡುಗಳನ್ನು ತಾವೇ ಬಿತ್ತರಿಸಿದರು. ಯಾರ ಹಂದರವೂ ಕಾಯದೆ ಅವರು ತಮ್ಮದೇ ಹಂದರ ಹಾಕಿಕೊಳ್ಳಬೇಕಾಯಿತು ಎಂಬುದನ್ನು ನಾವು ನೆನೆಯಬೇಕು.

ಆದ್ದರಿಂದ ಹಾಡುಗಾರನಿಗೆ ಎರಡು ಮಾತು, ಕೊಡುವವರಿಗೆ ಎರಡು ಮಾತು. ಹಾಡುಗಾರನು ತಾನು ಹಾಡುವುದೇನು, ಹಾಡದಿರುವುದೇನು ಎಂಬುದನ್ನು ಸಂಚಕಾರ ಹಿಡಿಯುವ ಮೊದಲೇ ತಿಳಿಸಲಿ. ತಾನು ನಂಬದ ಹೋರಾಟವನ್ನು ಎಷ್ಟು ಹಣಕ್ಕೂ ಹಾಡದಿರಲಿ. ಕೊಡುವವರು ಜಾತ್ರೆ, ಉತ್ಸವಗಳಂಥ ಹತ್ತು ಜನರ ಕಾರ್ಯಗಳಲ್ಲಿ ಮೇಳದವರ ಇಚ್ಛೆಯ ಪದಗಳಿಗೆಂದು ಸ್ವಲ್ಪ ಹೊತ್ತನ್ನು ಬಿಟ್ಟುಕೊಡಲಿ. ಆಗ ಯಾರ ಮನೆಯ ಮಂಗಳ ಕಾರ್ಯವೂ ಕೆಡುವುದಿಲ್ಲ, ಹೇಳಬೇಕಾದ ಮಾತೂ ಉಳಿಯುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸಂಚಕಾರ ಅಲ್ಪಸ್ವಲ್ಪ ಕೊಟ್ಟು, ಉಳಿದದ್ದನ್ನು ಹಾಡು ಮುಗಿದ ಮೇಲೆ ಮುಖ ನೋಡಿ ಕೊಡುವುದು ನಮ್ಮಲ್ಲಿ ರೂಢಿ. ಮೆಚ್ಚಿದರೆ ಹೆಚ್ಚು, ಮುನಿದರೆ ಕಡಿಮೆ. ಈ ಉಳಿದ ಹಣವೇ ಹಾಡುಗಾರನ ಬಾಯಿಗೆ ಕಟ್ಟಿದ ಹಗ್ಗ. ಇನ್ನು ಮುಂದೆ ಗೊತ್ತು ಮಾಡಿದ ಪೂರ್ಣ ಸಂಭಾವನೆಯನ್ನು ಮೊದಲ ಪದ ಎತ್ತುವ ಮುನ್ನವೇ ತಾಂಬೂಲದೊಂದಿಗೆ ಕೊಟ್ಟುಬಿಡಿ. ಹಣದ ಮೊತ್ತ ಅಷ್ಟೇ, ಖರ್ಚು ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಹಂಗು ಮಾತ್ರ ಇಲ್ಲದಂತಾಗುತ್ತದೆ. ಆಮೇಲೆ ಆತ ಹಾಡಿದ್ದು ನಮ್ಮನ್ನು ಹೊಗಳಿದರೆ ಅದನ್ನು ನಂಬಬಹುದು, ತಿದ್ದಿದರೆ ಸಾವಧಾನವಾಗಿ ಕೇಳಬಹುದು. ದಾಸೋಹವೆಂದರೆ ಕೊಟ್ಟು ಕಟ್ಟಿಹಾಕುವುದಲ್ಲ, ಕೊಟ್ಟು ಮರೆಯುವುದು.

ಸರ್ವ ಸದ್ಭಕ್ತರೂ ಈ ವಿಚಾರವನ್ನು ತಮ್ಮ ತಮ್ಮ ಊರಿನ ಭಜನಾ ಮೇಳ, ಜಾತ್ರಾ ಸಮಿತಿಗಳ ಮುಂದಿಟ್ಟು ಚಿಂತಿಸಬೇಕೆಂದು ವಿನಂತಿ.


ಕಾರ್ಯದರ್ಶಿ, ಶ್ರೀಮಠ