ಹೆಗಡೆಯವರು ಉಳಿದಿದ್ದರೆ?

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಆಚೆಗೆ ಹೂವಿನಹಡಗಲಿ ಸೀಮೆ. ಊರ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಬದಲಾದಾಗಲೆಲ್ಲ ಇಂಥ ಊರುಗಳ ಕಟ್ಟೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ: ಅವರೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನಾವೂ ಆ ಮಾತನ್ನು ಆಡಿದವರೇ. ‘ಚಿಗವ್ವಗ ಮೀಸಿ ಬಂದ್ರ ಕಾಕಾ ಅನಬಹುದಿತ್ತು’ ಎಂದು ಹಿರಿಯರು ನಗುತ್ತಾರೆ. ಆದರೆ ನಕ್ಕು ಮುಗಿಸಲಾಗದ ಪ್ರಶ್ನೆಯೊಂದು ಆ ‘ರೆ’ಯೊಳಗೆ ಅಡಗಿದೆ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ತಮ್ಮ ಪಕ್ಷ ಸೋತಾಗ, ಯಾರೂ ಒತ್ತಾಯಿಸದಿದ್ದರೂ ವಿಧಾನಸಭೆಯನ್ನು ವಿಸರ್ಜಿಸಿ ಜನರ ಮುಂದೆ ಹೋದರು. 1985ರಲ್ಲಿ ಸ್ಪಷ್ಟ ಬಹುಮತದೊಂದಿಗೆ ಮರಳಿದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರಕಾರವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. 1988ರ ಆಗಸ್ಟಿನಲ್ಲಿ ಮಾತ್ರ ಹೋದವರು ಮರಳಿ ಆ ಕುರ್ಚಿಗೆ ಬರಲಿಲ್ಲ. ಈ ಸಲದ ಆರೋಪ ದೂರವಾಣಿ ಕದ್ದಾಲಿಕೆಯದು. ಹದಿನಾಲ್ಕು ವರ್ಷಗಳ ಹಿಂದೆ, 1974ರ ಆಗಸ್ಟಿನಲ್ಲೇ, ವಿರೋಧ ಪಕ್ಷದ ಕಚೇರಿಯಲ್ಲಿ ಕದ್ದು ಕೇಳುವ ಯಂತ್ರ ಇಡಲು ಹೋದವರ ಹಗರಣ ಅಮೆರಿಕದ ಅಧ್ಯಕ್ಷ ನಿಕ್ಸನ್ನರನ್ನು ಕೆಳಗಿಳಿಸಿತ್ತು.

ಹೆಗಡೆಯವರು ಉಳಿದಿದ್ದರೆ? ಕಥೆಯನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಅವರೇ ಇದ್ದಿದ್ದರೆ ಪಕ್ಷ ಒಡೆಯುತ್ತಿರಲಿಲ್ಲ, 1989ರ ಏಪ್ರಿಲಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಬರುತ್ತಿರಲಿಲ್ಲ ಎಂಬುದು ಒಂದು. ಇನ್ನೊಂದು ಇದಕ್ಕೆ ವಿರುದ್ಧ. ಅವರು ಹೋದದ್ದರಿಂದಲೇ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದರೂ ರಾಜ್ಯಪಾಲರು ಅವಕಾಶ ಕೊಡದೆ ಅವರ ಸರಕಾರ ವಜಾ ಆಯಿತು. ಅವರು ಹೂಡಿದ ದಾವೆಯಲ್ಲಿ 1994ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸಾರಿತು. ಹಾಗಾದರೆ ಕದ್ದಾಲಿಕೆಯ ಹಗರಣವೇ ನಾಡಿಗೆ ಉಪಕಾರ ಮಾಡಿತೆ?

ಇಲ್ಲ ಎಂದೇ ನಾವು ಹೇಳುತ್ತೇವೆ. ಒಂದರ ನಂತರ ಇನ್ನೊಂದು ಬಂದ ಮಾತ್ರಕ್ಕೆ ಹಿಂದಿನದು ಮುಂದಿನದರ ಪುಣ್ಯಕ್ಕೆ ಹಕ್ಕುದಾರನಾಗುವುದಿಲ್ಲ. ನೆರೆ ಬಂದ ಮೇಲೆ ಊರವರು ಸೇರಿ ಒಡ್ಡು ಕಟ್ಟಿದರೆ ಆ ಒಡ್ಡಿನ ಶ್ರೇಯಸ್ಸು ನೆರೆಗೆ ಸಲ್ಲದು. ಅಧಿಕಾರ ಹೋದ ಮೇಲೂ ದಾವೆ ಬಿಡದವರಿಗೆ, ಅದನ್ನು ಕೂಲಂಕಷವಾಗಿ ಕೇಳಿದವರಿಗೆ ಅದು ಸಲ್ಲಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಎರಡೂ ಕಥೆಗಳಲ್ಲಿ ಒಬ್ಬ ವ್ಯಕ್ತಿ ಕಾಣೆಯಾಗಿದ್ದಾನೆ: ಯಾರ ಮಾತನ್ನು ಅವನಿಗೆ ತಿಳಿಯದಂತೆ ಕೇಳಿಸಿಕೊಳ್ಳಲಾಯಿತೋ ಅವನು. ನಾಯಕ ಬಿದ್ದದ್ದೇ ದೊಡ್ಡ ನಷ್ಟವೆಂದುಕೊಂಡಾಗ, ಅವನು ಬೀಳಲು ಕಾರಣವಾದ ಅನ್ಯಾಯ ನಮಗೆ ಸಣ್ಣದಾಗಿ ಕಾಣುತ್ತದೆ. ‘ಉಳಿದಿದ್ದರೆ’ ಎಂದು ಹಲುಬುವ ನಾವು ‘ಕದ್ದು ಕೇಳದೆ ಇದ್ದಿದ್ದರೆ’ ಎಂದು ಕೇಳುವುದೇ ಇಲ್ಲ. ಮೊದಲನೆಯ ‘ರೆ’ ವಿಧಿಯನ್ನು ದೂರುತ್ತದೆ, ಎರಡನೆಯದು ಮನುಷ್ಯನ ಆಯ್ಕೆಯನ್ನು ಪ್ರಶ್ನಿಸುತ್ತದೆ. ಪಶ್ಚಾತ್ತಾಪಕ್ಕೆ ಅರ್ಥ ಬರುವುದು ಆಯ್ಕೆ ಇದ್ದ ಜಾಗದಲ್ಲಿ ಮಾತ್ರ.

ಹೆಗಡೆಯವರು ನೈತಿಕ ಹೊಣೆ ಹೊತ್ತು ಇಳಿದದ್ದಕ್ಕೆ ಬೆಲೆಯಿದೆ. ಆರೋಪ ಬಂದರೂ ಕುರ್ಚಿಯ ಕಾಲು ಬಿಡದವರನ್ನು ನಾವು ಆಮೇಲೆ ಬೇಕಾದಷ್ಟು ಕಂಡಿದ್ದೇವೆ. ಆದರೆ ಒಬ್ಬರು ಇಳಿದ ಮಾತ್ರಕ್ಕೆ ಕೇಳುವ ಕಿವಿ ಮುಚ್ಚಿಕೊಳ್ಳುವುದಿಲ್ಲ. ಕದ್ದಾಲಿಕೆಗೆ ಆಗ ಆಧಾರವಾಗಿದ್ದುದು ಬ್ರಿಟಿಷರ ಕಾಲದ, 1885ರ ಟೆಲಿಗ್ರಾಫ್ ಕಾಯ್ದೆ. ಯಾರು ಆದೇಶ ಕೊಡಬೇಕು, ಎಷ್ಟು ದಿನ ಕೇಳಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿದ್ದು 1996ರಲ್ಲಿ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು 2017ರಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಇಲ್ಲಿ ಅಬ್ದುಲ್ ನಜೀರ್ ಸಾಬ್ ನೆನಪಾಗುತ್ತಾರೆ. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು ಹೆಗಡೆ ಸಂಪುಟದ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಹೆಗಡೆಯವರು ಇಳಿದ ಎರಡೇ ತಿಂಗಳಿಗೆ, ಅಕ್ಟೋಬರಿನಲ್ಲಿ, ನಜೀರ್ ಸಾಬ್ ತೀರಿಕೊಂಡರು. ಅವರಿದ್ದಿದ್ದರೆ ಎಂದು ಕೊರಗುವುದು ಸುಲಭ. ಆದರೆ ಅಧಿಕಾರ ಒಬ್ಬನ ಕೈಯಲ್ಲಿ ಗಂಟಾಗದೆ ಊರೂರಿಗೆ ಹರಿಯಬೇಕೆಂಬುದೇ ಅವರ ಕೆಲಸದ ತಿರುಳಾಗಿತ್ತು. ಒಬ್ಬರು ಇದ್ದರೆ ಮಾತ್ರ ಉಳಿಯುವ ಒಳ್ಳೆಯದನ್ನು ಅವರು ಕಟ್ಟಲು ಹೊರಟಿರಲಿಲ್ಲ. ಅವರಿಗಾಗಿ ಕೊರಗುವಾಗಲೂ ನಾವು ಅವರ ಪಾಠವನ್ನು ಮರೆಯುತ್ತೇವೆ.

1988ರಲ್ಲಿ ನಮ್ಮ ಹಳ್ಳಿಗಳಲ್ಲಿ ಫೋನಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕದ್ದಾಲಿಕೆ ದೊಡ್ಡವರ ಜಗಳ, ನಮಗೇನು ಎಂದೆವು. ಇಂದು ಹಮ್ಮಿಗಿಯಲ್ಲಿ ಎತ್ತು ಕಾಯುವ ಹುಡುಗನ ಜೇಬಿನಲ್ಲೂ ಫೋನಿದೆ. ಅಂದು ನಮ್ಮದಲ್ಲವೆಂದು ಬಿಟ್ಟ ಪ್ರಶ್ನೆ ಇಂದು ನಮ್ಮ ಜೇಬಿಗೇ ಬಂದು ಕೂತಿದೆ. ಇನ್ನೊಬ್ಬನ ಮಾತನ್ನು ಕದ್ದು ಕೇಳಿದ್ದು ತಪ್ಪೆಂದು, ಅವನು ಯಾರೆಂದು ನೋಡದೆ, ನಾವು ಅಂದೇ ಹೇಳಿದ್ದರೆ? ಈ ‘ರೆ’ಗೆ ಮಾತ್ರ ಇನ್ನೂ ಕಾಲ ಮೀರಿಲ್ಲ.